ಹಾರ್ನ್ ಹೊಡಿಯದ ಮಾಸ್ತರ್ರು

ಗಾಡಿ ಹಾರ್ನ್ ಬಂದ್ ಬಿತ್ತಂದ್ರ ಅದನ್ನ ಹುಡುಕೂದು ನನಗ ಹತ್ತ ನಿಮಿಷದ ಕೆಲಸ. ಮೊದಲ ಫ್ಯೂಜ್ ನೋಡಬೇಕು. ಫ್ಯೂಜ್ ಚಲೋ ಇದ್ರ ರಿಲೇ ನೋಡಬೇಕು. ರಿಲೇ ಅಂದ್ರ ಬೆಂಕಿಪೆಟ್ಟಿಗಿ ಅರ್ಧದಷ್ಟ ಇರೂ ಒಂದ ಕರೀ ಡಬ್ಬಿ, ಬಾನೆಟ್ ಒಳಗ ಮುಚ್ಚಳ ಇದ್ದ ಪೆಟ್ಟಿಗ್ಯಾಗ ಕುಂತಿರ್ತೈತಿ. ಸ್ಟೇರಿಂಗ್ ಮ್ಯಾಲ ಒತ್ತಿದ್ರ ಅದು ಟಿಕ್ ಅಂತೈತಿ, ಟಿಕ್ ಅಂದ್ರ ಹಾರ್ನಿಗೆ ಕರೆಂಟ್ ಹೋಗ್ತೈತಿ. ಟಿಕ್ ಅಂದ್ರೂ ಸಪ್ಪಳ ಬರಲಿಲ್ಲಂದ್ರ ಮುಂದ ಬಂಪರ್ ಹಿಂದ ವಾಯರ್ ಹರದಿರ್ತೈತಿ, ಇಲ್ಲಾ ಹಾರ್ನಿನೊಳಗ ನೀರ ಹೊಕ್ಕಿರ್ತೈತಿ. ಇಷ್ಟ ನೋಡ್ರಿ ಇದರ ವಿದ್ಯಾ.

ನಾ ಅಲ್ಲಾಬಕ್ಷ. ಉಗಾರ ಖುರ್ದದಾಗ ಫ್ಯಾಕ್ಟರಿಗೆ ಹೋಗೂ ರಸ್ತೇಕ ಇಪ್ಪತ್ತೆರಡ ವರ್ಷದಿಂದ ನನ್ನ ಅಂಗಡಿ ಐತಿ. ಬ್ಯಾಟರಿ, ಲೈಟು, ವಾಯರಿಂಗ್ ಎಲ್ಲಾ ಮಾಡ್ತೀನಿ. ಕೈ ಚಲೋ, ಬಾಯಿ ಕೆಟ್ಟದ್ದು ಅಂತ ಮಂದಿ ಅಂತಾರ, ಸುಳ್ಳೇನಲ್ಲ. ನಾ ಕೆಲಸ ಮಾಡೂ ಮುಂದ ಯಾರರ ಹೆಗಲ ಮ್ಯಾಲ ಬಗ್ಗಿ 'ಬ್ಯಾಟರಿ ಇರಬೇಕ್ರಿ' ಅಂದ್ರ, ಪಾನಾ ಅವರ ಕೈಯಾಗ ಕೊಟ್ಟು 'ನೀವ ಮಾಡ್ಕೋರಿ, ನಾ ಚಾ ಕುಡದ ಬರ್ತೀನಿ' ಅಂತ ಎದ್ದ ಹೋಗಾವ ನಾ. ಆದ್ರೂ ಶಿರಗುಪ್ಪಿ, ಕಾಗವಾಡ, ಐಗಳಿಯಿಂದ ಸೈತ ಮಂದಿ ಹುಡಿಕ್ಕೊಂಡ ಬರ್ತಾರ. ಯಾಕಂದ್ರ ಅಲ್ಲಾಬಕ್ಷ ಗಾಡಿ ರೋಗ ಹೇಳಿದ್ರ ಅದ ಖರೆ ಅಂತ ಎಲ್ಲಾರಿಗೂ ಗೊತ್ತೈತಿ.

ಅಂಥಾ ನಾನು ತವನಪ್ಪ ಮಾಸ್ತರ್ರ ಗಾಡಿ ಹಾರ್ನ್ ಯಾಕ ಬಂದ್ ಬಿತ್ತು ಅಂತ ಹೇಳಾಕ ಇಪ್ಪತ್ತಮೂರ ದಿನ ತಗೊಂಡೆ. ಬಾನೆಟ್ ಎತ್ತೂಕ್ಕಿಂತ ಮೊದಲ ನನಗ ಗೊತ್ತಿತ್ತು.

ತವನಪ್ಪ ಮಾಸ್ತರ್ರು ನನಗ ನಾಕನೇತ್ತೆ ಕಲಿಸಿದಾವ್ರು. ಜೈನರು. ಹೊತ್ತ ಮುಳುಗೂಕ್ಕಿಂತ ಮೊದಲ ಊಟ, ಸೋಸಿದ ನೀರ, ದಾರ್ಯಾಗ ಇರವಿ ಸಾಲ ಇದ್ರ ದಾಟಿ ಹೆಜ್ಜಿ ಇಡೂ ಮನಷ್ಯಾ. ರಿಟೈರ್ ಆದ ಮ್ಯಾಲ ಒಂದ ಸಣ್ಣ ಬಿಳೀ ಕಾರ ತಗೊಂಡ್ರು, ಬಸದಿಗೆ, ಶೇಡಬಾಳ ಕಡೆ ಇದ್ದ ಹೊಲಕ್ಕ ಹೋಗಿ ಬರಾಕ. ಆ ಕಾರಿನ ಹಾರ್ನ್ ಅವರು ಹೊಡೀತಿರಲಿಲ್ಲ. ಕುರಿ ಹಿಂಡ ಅಡ್ಡ ಬಂದ್ರ ಕುರಿ ಹೋಗೂ ಮಟಾ ನಿಲ್ಲತಿದ್ರು. ಕಬ್ಬಿನ ಟ್ರ್ಯಾಕ್ಟರ್ ಹಿಂದ ಸಿಕ್ರ ಫ್ಯಾಕ್ಟರಿ ಮಟಾ ಅದರ ಹಿಂದ ಹೋಗತಿದ್ರು. ಊರ ಹುಡುಗರು ಅವರಿಗಿ ಹಾರ್ನ್ ಹೊಡಿಯದ ಮಾಸ್ತರ್ರು ಅಂತ ಹೆಸರಿಟ್ಟಿದ್ರು. ಒಮ್ಮೆ ನಾನೂ ನಗ್ಯಾಡಕೋತ ಕೇಳಿದೆ, ಯಾಕ್ರಿ ಮಾಸ್ತರ, ಅದೇನ ರೊಕ್ಕ ತಿಂತೈತೇನು ಅಂತ. ದಾರ್ಯಾಗ ಅವೂ ನಡ್ಯಾಕತ್ತಾವು ನಾನೂ ನಡ್ಯಾಕತ್ತೇನಿ, ಅಂಜಿಸಿ ಸರಸಾಕ ನಾ ಯಾರೋ ಅಂದ್ರು. ನನಗ ಆಗ ನಗು ಬಂದಿತ್ತು.

ಈಗ ನನ್ನ ಕತಿ ಕೇಳ್ರಿ.

ಏಪ್ರಿಲ್ ತಿಂಗಳು, ಒಂದ ಆಯ್ತವಾರ. ಐಗಳಿಯ ಅಣ್ಣಾಸಾಬ, ದ್ರಾಕ್ಷಿ ತ್ವಾಟದಾವ, ಪಿಕಪ್ ತುಂಬ ಒಣದ್ರಾಕ್ಷಿ ಹೇರಿಕೊಂಡ ಸಾಂಗಲಿ ಪ್ಯಾಟಿಗೆ ಹೊಂಟಿದ್ದ. ನನ್ನ ಅಂಗಡಿ ಮುಂದ ಬಂದ ಗಾಡಿ ನಿಂತ ಬಿಡ್ತು. ನೋಡಿದ್ರ ಡೀಸೆಲ್ ಪಂಪಿನ ರಿಲೇ ಸುಟ್ಟೈತಿ. ಸ್ಪೇರ್ ಪಾರ್ಟ್ ಅಂಗಡಿ ಬಂದ್. ಅಣ್ಣಾಸಾಬ ತಲಿ ಮ್ಯಾಲ ಕೈ ಹೊತ್ತ ಕುಂತ. ಇಂಥಾ ಹೊತ್ತಿನ್ಯಾಗ ನಾವು ಮೇಸ್ತ್ರಿಗೋಳು ಒಂದ ಕೆಲಸ ಮಾಡ್ತೀವಿ. ನಾಕ ಕಾಲಿನ ರಿಲೇ, ಪಂಪಿಂದಿರಲಿ ಹಾರ್ನಿಂದಿರಲಿ, ಬಾಳ ಗಾಡಿಗೆ ಒಂದ ನಮೂನಿ ಇರ್ತೈತಿ. ಅಂಗಳದಾಗ ರಿಪೇರಿಗೆ ನಿಂತ ಮತ್ತೊಂದ ಗಾಡೀದು ಕಿತ್ತ ಹಾಕಿ ಕಳಸತೀವಿ, ಮರದಿನ ಹೊಸಾದ ತಂದ ಅದರ ಜಾಗಾದಾಗ ಇಡತೀವಿ. ಇದು ಕಳವಲ್ಲ, ಎಲ್ಲಾರೂ ಮಾಡೂದು. ಹಂಗಂತ ನನ್ನ ನಾ ಸಮಾಧಾನ ಮಾಡ್ಕೋತಿದ್ದೆ.

ಅವತ್ತ ಅಂಗಳದಾಗ ಮೂರ ಗಾಡಿ ನಿಂತಿದ್ದೂವು. ಒಂದ ಡಾಕ್ಟರ್ರದು, ಒಂದ ಬಾಡಿಗಿ ಗಾಡಿ, ಮತ್ತ ಹೆಡ್‌ಲೈಟ್ ಹಾಕಸಾಕ ಬಿಟ್ಟ ಹೋದ ಮಾಸ್ತರ್ರ ಕಾರು. ಡಾಕ್ಟರ್ರ ಗಾಡಿ ಹಾರ್ನ್ ರಿಲೇ ತಗದ್ರ ಅವರು ಸಂಜೀಕ ಬಂದ ಬೈತಾರ. ಬಾಡಿಗಿ ಗಾಡಿಯಾಂವ ಓಣಿ ದಾಟೂದ್ರಾಗ ಹೊಳ್ಳಿ ಬರ್ತಾನ. ಮಾಸ್ತರ್ರು? ಮಾಸ್ತರ್ರು ಹಾರ್ನ್ ಹೊಡಿಯೂದ ಇಲ್ಲ. ಅವರಿಗಿ ಗೊತ್ತ ಆಗೂದಿಲ್ಲ. ನಾ ಅವರ ಗಾಡಿ ಬಾನೆಟ್ ಎತ್ತಿದೆ, ಮುಚ್ಚಳ ತಗದೆ, ಹಾರ್ನ್ ರಿಲೇ ಕಿತ್ತೆ, ಮುಚ್ಚಳ ಹಾಕಿದೆ. ಎರಡ ನಿಮಿಷ ಆಗಲಿಲ್ಲ. ಒಬ್ಬರ ಒಳ್ಳೇತನ ನೋಡಿ ಅವರದ ಕಿತ್ತೆ ನಾ.

ಮಾಸ್ತರ್ರು ಆವತ್ತ ಮಧ್ಯಾಹ್ನ ನಾ ಊಟಕ್ಕ ಹೋದಾಗ ಬಂದು, ಹಲಿಗಿ ಮ್ಯಾಲಿನ ಕೀ ತಗೊಂಡು ಗಾಡಿ ಒಯ್ದಿದ್ರು. ನಾ ಮಂಗಳವಾರ ಹೊಸಾ ರಿಲೇ ತಂದೆ. ಕಾಗದದಾಗ ಸುತ್ತಿ, ಮ್ಯಾಲ 'ಮಾಸ್ತರ' ಅಂತ ಬರದು ರೊಕ್ಕದ ಗಲ್ಲೇದಾಗ ಇಟ್ಟೆ. ಆಮ್ಯಾಲ ಮರತೆ. ಮರತೆ ಅನ್ನೂದೂ ಪೂರಾ ಖರೆ ಅಲ್ಲ. ಎರಡ ಸಲ ಅವರ ಗಾಡಿ ಅಂಗಡಿ ಮುಂದ ಹಾದ ಹೋಗೂದ ನೋಡಿ ನೆನಪಾಗಿತ್ತು. ಎರಡೂ ಸಲ ಕೈಯಾಗ ಕೆಲಸ ಇತ್ತು. ಮುಂದಿನ ಸಲ ಹಾಕಿದ್ರಾತು, ಅವರೇನ ಹಾರ್ನ್ ಹೊಡೀತಾರೇನು ಅಂತ ಬಿಟ್ಟೆ.

ಆಗಸ್ಟದಾಗ, ಮಳಿ ಹಿಡದ ದಿನಗಳೊಳಗ ಆ ಸುದ್ದಿ ಬಂತು. ಹೇಳಿದಾಕಿ ನನ್ನ ಹೇಣ್ತಿ ಮಸರತ. ಮುಂಜಾನೆ ಡಬ್ಬಿ ತಗೊಂಡ ಅಂಗಡಿಗೆ ಬಂದು, ಮಾಸ್ತರ್ರ ಗಾಡಿ ಕೆಂಚವ್ವ ಕಾಕಿಗೆ ಬಡೀತಂತ್ರಿ, ಮಿರಜಿಗೆ ಒಯ್ದಾರಂತ ಅಂದ್ಲು. ಕೆಂಚವ್ವ ಕಾಕಿ ನಮ್ಮ ಹಿಂದಿನ ಓಣಿಯಾಕಿ. ಎರಡ ಎಮ್ಮಿ ಕಟ್ಯಾಳ, ಹತ್ತ ವರ್ಷದಿಂದ ನಮ್ಮ ಮನೀಗೆ ಹಾಲ ಆಕೀದ. ಅವತ್ತ ಹೊಲದ ಒಡ್ಡಿನ್ಯಾಗ ಹುಲ್ಲ ಕೊಯ್ದು, ದೊಡ್ಡ ಹೊರಿ ತಲಿ ಮ್ಯಾಲ ಹೊತ್ತು ಶೇಡಬಾಳ ರಸ್ತೇಲೆ ಬರಾಕತ್ತಿದ್ಲಂತ. ಹುಲ್ಲಿನ ಹೊರಿ ಹೊತ್ತಾಕಿಗೆ ಎಡಕ ಬಲಕ ಏನೂ ಕಾಣೂದಿಲ್ಲ, ಸಪ್ಪಳ ಕೇಳಿನ ಸರೀಬೇಕು. ಮಾಸ್ತರ್ರ ಗಾಡಿ ಹಿಂದಿನಿಂದ ಬಂತು. ಆಕಿ ರಸ್ತೆ ನಡುವ ಬಂದ್ಲು. ಮಾಸ್ತರ್ರು ಬ್ರೇಕ್ ಹಾಕಿದ್ರು, ರಾಡ್ಯಾಗ ಗಾಲಿ ಜಾರ್ತು, ಆಕಿ ಕಾಲಿಗೆ ಬಡದು ಗಾಡಿ ಮುಂದ ಕಾಲಿವಿ ಕಲ್ಲಿಗೆ ಹೋಗಿ ಗುದ್ದಿತು. ಮಸರತ ಇದನ್ನೆಲ್ಲಾ ಹೇಳೂ ಮುಂದ ನನಗ ಗಲ್ಲೇದ ಕಡೆ ನೋಡಾಕ ಧೈರ್ಯ ಆಗಲಿಲ್ಲ.

ಮಾಸ್ತರ್ರ ಬ್ಯಾರೆ ಗಾಡಿ ಮಾಡಿ ಆಕೀನ್ನ ಮಿರಜಿಗೆ ಒಯ್ದ್ರು, ದವಾಖಾನಿಯಾಗ ಎರಡ ರಾತ್ರಿ ಬೆಂಚಿನ ಮ್ಯಾಲ ಕುಂತ್ರು, ಖರ್ಚ ಎಲ್ಲಾ ಅವರ ನೋಡ್ಕೊಂಡ್ರು. ತೊಡ್ಯಾಗ ರಾಡ್ ಹಾಕಿದ್ರಂತ. ಊರಾಗ ಮಾತು ಬ್ಯಾರೇನ ಎದ್ದಿತ್ತು. ಮುಂಜಾನೆ ಡೇರಿ ಕಟ್ಟಿ ಮ್ಯಾಲ ಹಾಲ ಹಾಕಾಕ ಬಂದ ಮಂದಿ ಎಲ್ಲಾ ಅದನ್ನ ಮಾತಾಡತಿತ್ತು. ಒಮ್ಮೆ ಪೀಂ ಅನಿಸಿದ್ರ ಮುದುಕಿ ಸರೀತಿದ್ಲು, ಈ ಮಾಸ್ತರ್ರ ನೇಮ ಒಬ್ಬಾಕಿ ಕಾಲ ಮುರೀತು, ಇರವಿ ಉಳಿಸಿದ್ರು ಮನಷ್ಯಾರನ್ನ ಹಾಯಿಸಿದ್ರು ಅಂತ. ನಾ ಹಾರ್ನ್ ಒತ್ತೇನಿ, ಅದು ಬರಲಿಲ್ಲ ಅಂತ ಮಾಸ್ತರ್ರು ಹೇಳಿದ್ರು. ಯಾರೂ ನಂಬಲಿಲ್ಲ. ಗಾಡಿ ಹಾರ್ನ್ ಈಗ ಬರೂದಿಲ್ಲ ಅನ್ನೂದು ಖರೆ, ಆದ್ರ ಕಲ್ಲಿಗೆ ಗುದ್ದಿದ ಮ್ಯಾಲ ಹಾರ್ನ್ ಹ್ಯಾಂಗ ಬರ್ತೈತಿ ಅಂದ್ರು.

ಮಿರಜಿಯಿಂದ ಬಂದ ದಿನ ಕೆಂಚವ್ವ ಕಾಕಿ ಅದನ್ನ ಮಾಸ್ತರ್ರ ಮಾರಿ ಮ್ಯಾಲ ಅಂದ್ಲು. ನನ್ನ ಕಿವಿ ಇನ್ನ ಚಲೋ ಅದಾವ್ರಿ ಮಾಸ್ತರ, ನೀವು ಒತ್ತಿದ್ರ ನನಗ ಕೇಳತಿತ್ತು, ಹಿರ್ಯಾರಾಗಿ ಸುಳ್ಳ ಹೇಳಬ್ಯಾಡ್ರಿ ಅಂದ್ಲಂತ. ಮಾಸ್ತರ್ರು ಎದ್ದ ಬಂದ್ರಂತ.

ಮರದಿನ ಅವರು ನನ್ನ ಅಂಗಡಿಗೆ ಬಂದ್ರು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಗಾಡಿ ಎಳಿಸಿಕೊಂಡ ಬಂದಿದ್ರು, ಆಕ್ಸಿಡೆಂಟ್ ಆದಾಗಿನಿಂದ ಅದನ್ನ ಮುಟ್ಟಿರಲಿಲ್ಲ. ಬಂಪರ್ ಒಳಗ ಹೊಕ್ಕಿತ್ತು. ಅವರ ಗಲ್ಲ ಅದಕ್ಕಿಂತ ಒಳಗ ಹೋಗಿದ್ದೂವು.

"ಅಲ್ಲಾಬಕ್ಷ, ನನಗ ಒಂದ ಹೇಳು," ಅಂದ್ರು. "ಈ ಹಾರ್ನ್ ಕಲ್ಲಿಗೆ ಬಡದ ಮ್ಯಾಲ ಕೆಟ್ಟೈತೋ, ಮೊದಲ ಕೆಟ್ಟಿತ್ತೋ? ನನಗ ಒತ್ತಿದಂಗ ನೆನಪೈತಿ. ಆದ್ರ ಎಲ್ಲಾರೂ ಇಲ್ಲ ಅಂದಾಗ ನನಗ ಸಂಶಯ ಬರಾಕತ್ತೈತಿ. ಎಂದೂ ಒತ್ತದ ಕೈ. ಅವತ್ತರ ಒತ್ತಿತೋ ಇಲ್ಲೋ."

ಅವರು ಕೇಳಿದ್ದು ಹಾರ್ನಿನ ವಿಚಾರ ಅಲ್ಲ ಅಂತ ನನಗ ತಿಳೀತು. ಹಾರ್ನ್ ಮೊದಲ ಕೆಟ್ಟಿದ್ರ ಅವರು ಖರೆ ಹೇಳೇರ. ಆಮ್ಯಾಲ ಕೆಟ್ಟಿದ್ರ ಅವರು ಒತ್ತಿಲ್ಲ, ಕೆಂಚವ್ವನ ಮುಂದ ಸುಳ್ಳ ಹೇಳೇರ, ಆಕಿ ಕಾಲು ಅವರ ಪಾಪ. ಇದನ್ನ ಹೇಳಬಲ್ಲಾವ ಊರಾಗ ನಾ ಒಬ್ಬನ. ಬಾಯಿ ತಗದ್ರ ಮುಗೀತಿತ್ತು.

ನಾ ಟೆಸ್ಟ್ ಲ್ಯಾಂಪ್ ತಗೊಂಡೆ. ಫ್ಯೂಜ್ ತಗದ ನೋಡಿದೆ, ಚಲೋ ಇತ್ತು. ಚಲೋ ಐತಿ ಅಂತ ನನಗ ಗೊತ್ತಿತ್ತು, ಸುಮ್ಮ ನೋಡಿದೆ. ಎರಡ ಸಲ ಒರಿಸಿದೆ. ಬ್ಯಾಟರಿ ನೋಡಿದೆ. ಸ್ಟೇರಿಂಗ್ ತಳಗ ಕೈ ಹಾಕಿ ವಾಯರ್ ಎಳದ ನೋಡಿದೆ. ಎಲ್ಲಾ ಕಡೆ ನೋಡಿದೆ, ಆ ಮುಚ್ಚಳ ಒಂದ ಬಿಟ್ಟು. ನಲವತ್ತ ವರ್ಷ ಹುಡುಗರ ಕಳ್ಳಾಟ ನೋಡಿದ ಮಾಸ್ತರ್ರು ಕೈ ಹಿಂದ ಕಟ್ಟಿ ನನ್ನ ನೋಡ್ಕೋತ ನಿಂತಿದ್ರು. ಬ್ಯಾರೆ ಯಾರರ ಹಂಗ ನಿಂತಿದ್ರ ಪಾನಾ ಕೊಟ್ಟ ಎದ್ದ ಹೋಗ್ತಿದ್ದೆ. ಅವತ್ತ ತಲಿ ಎತ್ತದ ಕೆಲಸ ಮಾಡಿದೆ.

ಆಮ್ಯಾಲ ಬಂಪರ್ ಬುಡಕ ಹೊಕ್ಕೆ. ಮಕ್ಕೊಂಡ ನೋಡಿದ್ರ ಹಾರ್ನಿಗೆ ಹೋಗೂ ವಾಯರ್ ಹರದಿತ್ತು. ಕಲ್ಲಿನ ಏಟಿಗೆ ತಗಡ ಒಳಗ ಬಂದು ಕಡದಿತ್ತು. ನನ್ನ ಮನಸ್ಸಿನ್ಯಾಗ ಒಮ್ಮೆಲೆ ಖುಷಿ ಆತು. ನಾಚಿಕಿ ಬಿಟ್ಟ ಹೇಳ್ತೀನಿ, ಖುಷಿ ಆತು. ನಾ ಸುಳ್ಳ ಹೇಳೂದ ಬ್ಯಾಡ. ಕಣ್ಣಿಗೆ ಕಾಣೂದು ತೋರಿಸಿದ್ರ ಸಾಕು.

ವಾಯರಿನ ತುದಿ ಹೊರಗ ಎಳದು ತೋರಿಸಿದೆ. "ಇಲ್ಲಿ ಹರದೈತ್ರಿ ಮಾಸ್ತರ," ಅಂದೆ.

"ಯಾವಾಗಿಂದು ಇದು?"

ತಾಮ್ರ ಇನ್ನ ಹೊಳಿಯಾಕತ್ತೈತಿ, ಹಳೇದಾದ್ರ ಹಸರ ಹಿಡೀತಿತ್ತು, ಕಲ್ಲಿಗೆ ಬಡದಾಗ ಹರದದ್ದು ಅಂದೆ. ಅದೂ ಖರೆ. ಒಂದೊಂದ ಮಾತೂ ಖರೆ. ಆಗ ಅವರು ಬಾನೆಟ್ ಒಳಗ ಬಗ್ಗಿ, ಆ ಕರೀ ಮುಚ್ಚಳಕ್ಕ ಬಟ್ಟ ಮಾಡಿ, ಇದನ್ನ ನೋಡಿದೇನೋ ಅಂತ ಕೇಳಿದ್ರು.

"ನೋಡೇನ್ರಿ," ಅಂದೆ.

ಅದೊಂದು ನೇರ ಸುಳ್ಳು. ಮಾಸ್ತರ್ರು ವಾಯರಿನ ತುದಿ ಮುಟ್ಟಿ ನೋಡಿದ್ರು. ಆಮ್ಯಾಲ ತಮ್ಮ ಬಲಗೈ ಅಂಗೈ ತಿರಿವಿ ನೋಡ್ಕೊಂಡ್ರು. ಅಂದ್ರ ನಾ ಒತ್ತಿಲ್ಲ ಅಂದ್ರು, ನನಗಲ್ಲ, ತಮಗ ತಾವ ಹೇಳ್ಕೊಂಡಂಗ. ಹಂಗಾದ್ರ ನಾ ಆಕಿ ಮುಂದ ಸುಳ್ಳ ಆಡಿದೆ, ನನಗ ಗೊತ್ತ ಇಲ್ಲದನ ಆಡಿದೆ ಅಂದ್ರು. ಕಾರಿನ ಕೀ ಬಾನೆಟ್ ಮ್ಯಾಲ ಇಟ್ಟು, ರಿಪೇರಿ ಮಾಡಿ ಯಾರಿಗರ ಮಾರಿ ಬಿಡಪಾ, ಇನ್ನ ನಾ ಸ್ಟೇರಿಂಗ್ ಮುಟ್ಟೂದಿಲ್ಲ ಅಂತ ಹೇಳಿ ಮಳ್ಯಾಗ ನಡಕೋತ ಹೋದ್ರು. ಛತ್ರಿ ನನ್ನ ಅಂಗಡ್ಯಾಗ ಮರತ ಹೋಗಿದ್ರು. ನಾ ಕರೀಲಿಲ್ಲ.

ಅವರು ಅಲ್ಲಿಂದ ಸೀದಾ ಕೆಂಚವ್ವನ ಮನೀಗೆ ಹೋಗಿದ್ರಂತ. ಮಸರತ ಅಲ್ಲೇ ಇದ್ಲು, ಕಾಕಿಗೆ ಗಂಜಿ ಒಯ್ದಿದ್ಲು. ಮಾಸ್ತರ್ರು ಬಾಗಲಾಗ ತೊಯ್ಸಿಕೊಂಡ ನಿಂತು ಕೈ ಮುಗದು, ನೀ ಅಂದದ್ದ ಖರೆ ಕೆಂಚವ್ವಾ, ನಾ ಒತ್ತಿಲ್ಲ, ಅಲ್ಲಾಬಕ್ಷ ನೋಡಿ ಹೇಳ್ಯಾನ ಅಂದ್ರಂತ. ಮಸರತ ಇದನ್ನ ಹೇಳಿ ಕಣ್ಣ ಒರಿಸಿಕೊಂಡ್ಲು. ಇಂಥಾ ಮನಷ್ಯಾ ಬ್ಯಾರೆ ಎಲ್ಲಿದ್ದಾರ್ರಿ, ತನ್ನ ತಪ್ಪ ತಾನ ಹೋಗಿ ಒಪ್ಪಿಕೊಂಡ್ರು ಅಂದ್ಲು. ನಾ ರೊಟ್ಟಿ ತಾಟ ಸರಿಸಿ ಎದ್ದೆ.

ಅಲ್ಲಾಬಕ್ಷ ನೋಡಿ ಹೇಳ್ಯಾನ. ಇಪ್ಪತ್ತೆರಡ ವರ್ಷ ಇದ ಮಾತಿನ ಮ್ಯಾಲ ನಾ ಎದಿ ಉಬ್ಬಿಸಿ ಅಡ್ಡಾಡಿದಾವ. ಈಗ ಇದ ಮಾತ ನನ್ನ ತಿನ್ನಾಕತ್ತಿತು.

ಬಂಪರ್ ತಗದು ಸರಿ ಮಾಡಿಸಿದೆ. ವಾಯರ್ ಜೋಡಿಸಿದೆ. ಗಲ್ಲೇ ತಗದು ಕಾಗದದಾಗ ಸುತ್ತಿದ ರಿಲೇ ತಗೊಂಡೆ, ನನ್ನ ಅಕ್ಷರದಾಗ 'ಮಾಸ್ತರ' ಅಂತ ಹಂಗ ಇತ್ತು. ಅದನ್ನ ಹಾಕಿ ಸ್ಟೇರಿಂಗ್ ಒತ್ತಿದೆ. ಹಾರ್ನ್ ಎಷ್ಟ ಜೋರ ಬಂತಂದ್ರ ಎದುರಿನ ಚಾ ಅಂಗಡಿ ಮಂದಿ ಹೊಳ್ಳಿ ನೋಡ್ತು. ಐದ ವರ್ಷದ ಗಾಡಿ, ಹಾರ್ನ್ ಇನ್ನ ಹೊಸಾದು, ಎಂದೂ ಹೊಡದಿಲ್ಲಲ್ಲ. ಕೈ ತಗದ ಮ್ಯಾಲೂ ನನ್ನ ಕಿವ್ಯಾಗ ಅದು ನಿಲ್ಲಲಿಲ್ಲ. ಗಾಡಿ ಮ್ಯಾಲ ತಾಡಪತ್ರಿ ಹೊಚ್ಚಿ ಅಂಗಳದ ಮೂಲ್ಯಾಗ ನಿಲ್ಲಿಸಿದೆ. ಮಾರಲಿಲ್ಲ, ಮಾರಾಕ ಮನಸ ಬರಲಿಲ್ಲ.

ಆಮ್ಯಾಲ ದಿನಾ ಹೇಳಬೇಕು ಅಂತ ಏಳೂದು, ಹೇಳದ ಮಕ್ಕೊಳ್ಳೂದು. ಹೇಳಿದ್ರ ಏನಾಗತೈತಿ ಅಂತ ಲೆಕ್ಕ ಹಾಕತಿದ್ದೆ. ಗಿರಾಕಿ ಗಾಡ್ಯಾಗಿಂದ ಸಾಮಾನ ಕಿತ್ತಕೊಳ್ಳೂ ಅಲ್ಲಾಬಕ್ಷ ಅಂತಾರ. ಮುದುಕಿ ಕಾಲ ಮುರದಾವ ಅಂತಾರ. ಮಗಳ ಸಂಬಂಧ ಮಾತ ನಡದಿತ್ತು, ಅದರದೂ ಅಂಜಿಕಿ. ಸಿಟ್ಟ ಬಂದ್ರ ಮಾಸ್ತರ್ರ ಮ್ಯಾಲ ಬರತಿತ್ತು, ಮನಷ್ಯಾ ಅಂದ ಮ್ಯಾಲ ಒಂದ ದಿನಾನೂ ಹಾರ್ನ್ ಹೊಡೀಬಾರದೇನು ಅಂತ. ಹಂಗ ಅಂದ್ಕೊಂಡ ಮ್ಯಾಲ ಮತ್ತ ನನ್ನ ಮ್ಯಾಲ ಅಸಹ್ಯ ಆಗತಿತ್ತು. ಗಿರಾಕಿಗೆ ಬೈಯೂದ ಬಿಟ್ಟೆ. ನಾ ಬೈಯಲಿಲ್ಲಂತ ಮಂದಿ ಗಾಬರಿ ಆತು, ಅಲ್ಲಾಬಕ್ಷಗ ಶುಗರ್ ಬಂದೈತೇನು ತಪಾಸ ಮಾಡಸ್ರಿ ಅಂತ ಮಸರತಗ ಹೇಳಿದ್ರು. ಕೆಂಚವ್ವನ ಸೊಸಿ ಹಾಲ ತಂದ ಕೊಡತಿದ್ಲು. ನಾ ಚಾ ಕುಡಿಯೂದ ಬಿಟ್ಟೆ.

ಭಾದ್ರಪದ ಬಂತು. ಜೈನರು ಹತ್ತ ದಿನ ಉಪವಾಸ ನೇಮ ಮಾಡ್ತಾರ, ಅದು ಮುಗದ ಮ್ಯಾಲ ಒಂದ ದಿನ ಎಲ್ಲಾರ ಕಡೆ ಹೋಗಿ ಕ್ಷಮಾ ಕೇಳ್ತಾರ. ಗೊತ್ತಿದ್ದೋ ಗೊತ್ತಿಲ್ಲದೋ ನಿಮಗ ನೋವ ಮಾಡಿದ್ರ ಹೊಟ್ಟ್ಯಾಗ ಹಾಕ್ಕೋರಿ ಅಂತ. ಮಾಸ್ತರ್ರು ಪ್ರತಿ ವರ್ಷ ನನ್ನ ಅಂಗಡಿಗೂ ಬರತಿದ್ರು. ಕಲಿಸಿದ ಮಾಸ್ತರ್ರು ನನಗ ಕೈ ಮುಗಿಯೂದು ನೋಡಿ ನನಗ ಕಸಿವಿಸಿ, ಬಿಡ್ರಿ ಮಾಸ್ತರ, ನೀವೇನ ತಪ್ಪ ಮಾಡಿದ್ರಿ, ನಾಕನೇತ್ತ್ಯಾಗ ಎರಡ ಏಟ ಹಾಕಿದ್ರಿ ಅಷ್ಟ ಅಂತ ಚಾಷ್ಟಿ ಮಾಡಿ ಚಾ ತರಸತಿದ್ದೆ.

ಈ ಸಲ ಬರೂದಿಲ್ಲ ಅಂತ ತಿಳದಿದ್ದೆ. ಮುಂಜಾನೆ ಹತ್ತರ ಸುಮಾರ ಬಂದ್ರು, ನಡಕೋತ. ಹತ್ತ ದಿನದ ಉಪವಾಸಕ್ಕ ಮತ್ತಷ್ಟ ಸೊರಗಿದ್ರು. ನಾ ಒಂದ ಟ್ರ್ಯಾಕ್ಟರಿನ ಡೈನಮೊ ಬಿಚ್ಚಿಕೊಂಡ ಕುಂತಿದ್ದೆ. ಅವರು ಚಪ್ಪಲ ಬಿಟ್ಟು ಒಳಗ ಬಂದು ನನ್ನ ಮುಂದ ನಿಂತು ಎರಡೂ ಕೈ ಮುಗದ್ರು.

"ಉತ್ತಮ ಕ್ಷಮಾ, ಅಲ್ಲಾಬಕ್ಷ. ಈ ವರ್ಷ ನಿನ್ನ ಕಡೆ ಖರೇನ ಕೇಳೂದೈತಿ. ಆ ಗಾಡಿ ಎಳಿಸಿಕೊಂಡ ಬಂದ ದಿನ, ದಾರ್ಯಾಗ ನನ್ನ ಮನಸಿನ್ಯಾಗ ಒಂದ ಕೆಟ್ಟ ವಿಚಾರ ಬಂದಿತ್ತು. ಏಪ್ರಿಲದಾಗ ಗಾಡಿ ನಿನ್ನ ಕಡೆ ಬಿಟ್ಟಿದ್ದೆ, ನೀನ ಏನರ ಮಾಡಿರಬೇಕು ಅಂತ. ನನ್ನ ತಪ್ಪ ನಾ ಕಲಿಸಿದ ಹುಡುಗನ ಮ್ಯಾಲ ಹಾಕಾಕ ಹೋದೆ. ಕ್ಷಮಾ ಮಾಡು."

ನಾ ಕುಂತಲ್ಲೇ ಕುಂತಿದ್ದೆ. ಕೈಗೆ ಗ್ರೀಸ್ ಹತ್ತಿತ್ತು. ಹಂಗ ನೆಲದ ಮ್ಯಾಲ ಅವರ ಕಾಲ ಹತ್ರ ಸರದು ಹೇಳಿದೆ. ಆಯ್ತವಾರ, ಅಣ್ಣಾಸಾಬನ ಪಿಕಪ್, ಮೂರ ಗಾಡಿ, ಅವರದನ್ನ ಯಾಕ ಆರಿಸಿಕೊಂಡೆ, ಗಲ್ಲೇದಾಗ ನಾಕ ತಿಂಗಳ ಇಟ್ಟ ರಿಲೇ, ತಗೀದ ಮುಚ್ಚಳ, ನೋಡೇನಿ ಅಂದ ಸುಳ್ಳು. ಒಂದೂ ಬಿಡದ ಹೇಳಿದೆ. ನಡುವ ನನಗ ಅಳು ಬಂತು, ಐವತ್ತ ವರ್ಷದಾವ ನಾ ಹುಡುಗರಂಗ ಅತ್ತೆ.

ಮಾಸ್ತರ್ರು ಬೈಲಿಲ್ಲ. ಮುಗದ ಕೈ ಹಂಗ ಬಿಟ್ಟು ಬಲಗೈ ಅಂಗೈ ನೋಡ್ಕೊಂಡ್ರು, ಅವತ್ತಿನಂಗ.

"ಅಂದ್ರ ನಾ ಒತ್ತಿದ್ದೆ," ಅಂದ್ರು.

ಒತ್ತಿದ್ರಿ ಅಂದೆ. ಬೆಂಚಿನ ಮ್ಯಾಲ ಕುಂತ್ರು. ಮತ್ತೊಮ್ಮೆ ಅದನ್ನ ಅಂದ್ರು. ಅವರ ಕಣ್ಣಾಗ ನೀರ ಬಂದಿತ್ತು, ನನ್ನ ಮ್ಯಾಲಿನ ಸಿಟ್ಟಿಗಲ್ಲ. ನಾ ಅವರ ಹಂಗ ಕೈ ಮುಗದೆ, ಕ್ಷಮಾ ಮಾಡ್ರಿ ಮಾಸ್ತರ ಅಂದೆ. ಅವರು ಕಣ್ಣ ಒರಿಸಿಕೊಂಡ್ರು. ಮುಂಜಾನಿಯಿಂದ ಎಲ್ಲಾರಿಗೂ ಕ್ಷಮಾ ಅಂತ ಅಂದ ಬಂದೇನಿ, ನಿನಗ ಅನ್ನಾಕ ಬಾಯಿ ಬರವಲ್ದೋ, ಸ್ವಲ್ಪ ದಿನ ತಡಿ ಅಂದ್ರು. ಕಾಲ ಮುರದದ್ದು ನನ್ನದಲ್ಲ, ಆಕೀದು, ಮೊದಲ ಆಕಿ ಕಡೆ ನಡಿ, ಕೀ ತಗೊ ಅಂದ್ರು.

ತಾಡಪತ್ರಿ ತಗದೆ. ಅವರು ಸ್ಟೇರಿಂಗ್ ಕಡೆ ಹೋಗಲಿಲ್ಲ, ನಾ ನಡಿಸಿದೆ. ಕೆಂಚವ್ವನ ಓಣಿ ಸಣ್ಣದು, ಗಾಡಿ ಮನಿ ಮುಂದ ಹೊಂದಿಸಿ ನಿಲ್ಲಿಸಿ ಇಬ್ಬರೂ ಒಳಗ ಹೋದಿವಿ. ಕಾಕಿ ಪಡಸಾಲ್ಯಾಗ ಹೊರಸಿನ ಮ್ಯಾಲ ಇದ್ಲು, ಕಾಲ ತಲಿದಿಂಬಿನ ಮ್ಯಾಲ ಇಟ್ಟಿದ್ಲು. ಬಾಗಲಾಗಿನಿಂದ ಎಮ್ಮಿ ಕಾಣೂ ಹಂಗ ಹೊರಸ ಹಾಕ್ಸಿಕೊಂಡಿದ್ಲು. ಮಾಸ್ತರ್ರ ನೋಡಿ ತಲಿ ಮ್ಯಾಲ ಸೆರಗ ಎಳಕೊಂಡ್ಲು.

ನಾ ನಿಂತ ಹೇಳಿದೆ. ಮಾಸ್ತರ್ರಿಗೆ ಹೇಳಿದ್ದಕ್ಕಿಂತ ಇದು ಕಷ್ಟ ಇತ್ತು, ಯಾಕಂದ್ರ ಆಕಿ ಕಾಲು ನನ್ನ ಕಣ್ಣ ಮುಂದ ಇತ್ತು. ರಿಲೇ ಅಂದ್ರೇನು ಆಕಿಗೆ ಗೊತ್ತಿಲ್ಲ. ಹಾರ್ನಿಗೆ ಜೀವ ಕೊಡೂ ಡಬ್ಬಿ ಕಾಕಿ, ಅದನ್ನ ನಾ ಕಿತ್ತಿದ್ದೆ, ಮಾಸ್ತರ್ರು ಒತ್ತಿದ್ರು, ಸಪ್ಪಳ ಬರಲಿಲ್ಲ ಅಂದೆ. ಆಕಿ ನನ್ನ ನೋಡಲಿಲ್ಲ. ಮಾಸ್ತರ್ರ ನೋಡಿ, ನಿಮ್ಮನ್ನ ನಾ ಸುಳ್ಳ ಅಂದ್ನೆಲ್ರಿ, ಮಳ್ಯಾಗ ಬಂದ ಕೈ ಮುಗದ್ರಿ, ಆಗೂ ಬರ್ರಿ ಅನ್ನಲಿಲ್ಲ ನಾ ಅಂತ ಸೆರಗ ಬಾಯಿಗೆ ಹಿಡಕೊಂಡ ಅತ್ಲು. ಮಾಸ್ತರ್ರು ಬಿಡವ್ವಾ, ಬಿಡು ಅಂದ್ರು.

ಅತ್ತ ಮುಗದ ಮ್ಯಾಲ ನನ್ನ ಕಡೆ ತಿರಗಿದ್ಲು. ಬೈತಾಳ ಅಂತ ಕಾದೆ. ಬೈದಿದ್ರ ನನಗ ಹಗುರ ಆಗತಿತ್ತು. ನಾಳೆ ಮುಂಜಾನೆ ಡೇರಿ ಕಟ್ಟಿಗೆ ಹೋಗಿ ಇದನ್ನ ಹೇಳು ಅಂದ್ಲು, ಇವರನ್ನ ಮಂದಿ ಆಡಿಕೊಂಡದ್ದು ಅಲ್ಲೇ, ನೀನೂ ಅಲ್ಲೇ ಹೇಳು. ಹೇಳ್ತೀನಿ ಕಾಕಿ ಅಂದೆ. ಹೇಳಿದೆ ಕೂಡ, ಮರದಿನ ಆರೂವರಿಗೆ, ಇಡೀ ಕಟ್ಟಿ ಮುಂದ, ಅಂಥಾದ ಒಂದ ರಿಲೇ ಕೈಯಾಗ ಹಿಡಕೊಂಡು. ಆಮ್ಯಾಲ ಏನೇನ ಆತು, ಎಷ್ಟ ಗಿರಾಕಿ ಹೋ‌ದ್ರು ಅನ್ನೂದು ಬ್ಯಾರೆ ಮಾತು.

ನಾ ಹೊಂಟ ನಿಂತಿದ್ದೆ. ಕಾಕಿ ತಡದ್ಲು.

"ಅವತ್ತ ಇವರು ಒತ್ತಿದಾಗ ನನಗ ಕೇಳಬೇಕಾಗಿತ್ತಲ್ಲ, ಆ ಸಪ್ಪಳ ಹ್ಯಾಂಗ ಐತಿ? ಒಮ್ಮೆ ಕೇಳಸ್ರಿ."

ನಾ ಕೀ ಮಾಸ್ತರ್ರ ಕಡೆ ಚಾಚಿದೆ. ಮಾಸ್ತರ್ರ ಹೊರಗ ಹೋದ್ರು. ಬಾಗಲ ತಗದು ಸ್ಟೇರಿಂಗ್ ಮುಂದ ಕುಂತ್ರು. ಒಮ್ಮೆನ ಒತ್ತಿದ್ದ ಆ ಕೈ ಸ್ವಲ್ಪ ಹೊತ್ತ ಗಾಳ್ಯಾಗ ನಿಂತಿತು, ಆಮ್ಯಾಲ ಒತ್ತಿದ್ರು, ಬಿಡದ ಒತ್ತಿದ್ರು. ಇಡೀ ಓಣಿ ತುಂಬಿತು. ಎಮ್ಮಿ ಎರಡೂ ಹಗ್ಗ ಜಗ್ಗಿ ಗ್ವಾದ್ಲಿ ಬಿಟ್ಟ ಹಿಂದ ಸರದೂವು. ಸೊಸಿ ಕಿವಿ ಮುಚ್ಚಿಕೊಂಡ್ಲು.

ಸಪ್ಪಳ ನಿಂತ ಮ್ಯಾಲ ಕೆಂಚವ್ವ ಕಾಕಿ ತನ್ನ ಕಾಲ ಮ್ಯಾಲ ಕೈ ಇಟ್ಟಕೊಂಡು ನನ್ನ ನೋಡಿದ್ಲು.

"ಇಷ್ಟ ದೊಡ್ಡದೈತಿ," ಅಂದ್ಲು. "ನಾ ಸರದ ನಿಂದರತಿದ್ದೆನೋ, ಅಲ್ಲಾಬಕ್ಷ."